ಮಾಳಿಗೆಯ ಮೇಲೆ ಏನೂ ಇಲ್ಲ

ಕಮಲಾಪುರ
೧೨ ಮಾರ್ಚ್ ೧೯೨೯

ತಮ್ಮ ಅಣವೀರಪ್ಪನಿಗೆ ಅಕ್ಕ ನೀಲಗಂಗಮ್ಮ ಬರೆಯುವುದು.

ಇಲ್ಲಿ ನಾವು ಕ್ಷೇಮ. ನೀನೂ ಕಲಬುರ್ಗಿಯಲ್ಲಿ ಕ್ಷೇಮ ಎಂದು ನಾನೇ ಅಂದುಕೊಳ್ಳುತ್ತೇನೆ, ಏಕೆಂದರೆ ನೀನಾಗಿ ತಿಳಿಸುವವನಲ್ಲ. ಒಂದು ದಿನದ ಬಂಡಿ ಹಾದಿ. ಮೂರು ವರ್ಷದಿಂದ ಈ ಹೊಸ್ತಿಲು ತುಳಿದಿಲ್ಲ. ಕಾಶಿಗೆ ಹೋದವರೂ ಇಷ್ಟು ಹೊತ್ತಿಗೆ ತಿರುಗಿ ಬರುತ್ತಾರೆ.

ನನ್ನ ಮಗಳು ಕಸ್ತೂರಿಗೆ ಏಳು ತಿಂಗಳು ತುಂಬಿತು. ಚೊಚ್ಚಲು. ಯುಗಾದಿಗೆ ಮೊದಲೇ ಕರೆತರುತ್ತೇನೆ. ನಿನ್ನ ಭಾವ ಈ ಪಡಸಾಲೆಗೆ ಕಬ್ಬಿಣದ ಗರ್ಡರು ಹಾಕಿಸಿದಾಗಲೇ ನಡುವಿನದಕ್ಕೆ ತೊಟ್ಟಿಲ ಬಳೆ ಬಡಿಸಿದ್ದರು. ಮೊಮ್ಮಕ್ಕಳನ್ನು ಅಲ್ಲಿಯೇ ತೂಗಬೇಕೆಂದು ಅವರ ಆಸೆ. ತೂಗುವ ಭಾಗ್ಯ ಅವರಿಗೆ ಇರಲಿಲ್ಲ. ಅವರು ತೀರಿಕೊಂಡು ಬರುವ ತಿಂಗಳಿಗೆ ಐದು ವರ್ಷ ಆಗುತ್ತದೆ.

ನಿನ್ನಲ್ಲಿ ಒಂದು ಮಾತು ಕೇಳಬೇಕು. ಸಂಕ್ರಾಂತಿಯಿಂದ ಈಚೆಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯ ಮೇಲೆ ಸಪ್ಪಳ ಆಗುತ್ತದೆ. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು. ಭಾರವಾದ ಮನುಷ್ಯ ಬರಿಗಾಲಲ್ಲಿ ನಿಧಾನವಾಗಿ ನಡೆದಂತೆ. ಸೂಲಗಿತ್ತಿ ರೋಷನಬಿ ಕೇಳಿಸಿಕೊಂಡು, "ಹಿರೇರು ಯಾರೋ ಅಡ್ಡಾಡಾಕತ್ತಾರವ್ವ, ಒಂದ್ ಊದಿನಕಡ್ಡಿ ಹಚ್ಚ್ರಿ" ಅಂದಳು. ಹಚ್ಚಿದೆ. ನಡೆಯುವವರು ನಡೆಯುತ್ತಲೇ ಇದ್ದಾರೆ.

ನನಗೆ ಅಂಜಿಕೆ ಇಲ್ಲ. ಆದರೆ ಕೂಸನ್ನು ಅದರ ಕೆಳಗೆ ಮಲಗಿಸಬೇಕು. ನಕಾಶೆ ಬರೆದವನು ನೀನು. ಬಂದು ನೋಡಿ ಹೇಳು.

ನೀಲಗಂಗಮ್ಮ


ಕಲಬುರ್ಗಿ
೨೦ ಮಾರ್ಚ್ ೧೯೨೯

ಅಕ್ಕನಿಗೆ ಅಣವೀರನ ಶರಣು.

ನಿನ್ನ ಕಾಗದ ಬಂದ ದಿನವೇ ಹಳೆಯ ನಕಾಶೆಯ ಸುರುಳಿ ಬಿಚ್ಚಿದೆ. ನಾಗಣ್ಣ ಭಾವ ಪಕ್ಕದಲ್ಲಿ ಕುಳಿತು ಬರೆಸಿದ್ದು. ಎಂಟು ವರ್ಷದ ಹಿಂದೆ ಕಮಲಾಪುರದಲ್ಲಿ ಮೊದಲ ಗರ್ಡರು ತಮ್ಮ ಮನೆಗೇ ಬರಬೇಕೆಂದು ಅವರಿಗೆ ಎಷ್ಟು ಉಮೇದು! ಹಳೆಯ ಮರದ ತೊಲೆಯನ್ನು ಗೆದ್ದಲು ತಿಂದದ್ದೇ ಅವರಿಗೆ ಹಬ್ಬವಾಗಿತ್ತು.

ಗೋಡೆಯಿಂದ ಗೋಡೆಗೆ ಹದಿನಾರು ಅಡಿ. ನಾಲ್ಕು ಅಡಿಗೊಂದು ಗರ್ಡರು, ಏಳು ಅಂಗುಲ ಎತ್ತರದ್ದು. ಮೇಲೆ ಶಹಾಬಾದಿನ ಪರಸಿ ಕಲ್ಲಿನ ಹಾಸು, ಅದರ ಮೇಲೆ ಗಚ್ಚು, ಅದರ ಮೇಲೆ ಮಳೆ ನೀರು ಇಳಿಯದಂತೆ ನಾಲ್ಕು ಅಂಗುಲ ಕರಲು ಮಣ್ಣು, ಓಡಾಡುವ ಜನ. ಎಲ್ಲದರ ಭಾರ ಬರೆದಿಟ್ಟಿದ್ದೇನೆ. ಕಬ್ಬಿಣದ ತೊಲೆಗೆ ನಾವು ಮೂರು ಪ್ರಶ್ನೆ ಹಾಕುತ್ತೇವೆ, ಅಕ್ಕ. ಬಾಗಿ ಮುರಿಯುತ್ತೀಯಾ? ನೀನು ಮೊಣಕಾಲಿಗೆ ಕೊಟ್ಟು ಕಟ್ಟಿಗೆ ಮುರಿಯುತ್ತೀಯಲ್ಲ, ಆ ಪ್ರಶ್ನೆ. ಗೋಡೆಯ ಅಂಚಿನಲ್ಲಿ ಕತ್ತರಿಸಿ ಹೋಗುತ್ತೀಯಾ? ಅದು ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯ ಪ್ರಶ್ನೆ. ಎರಡಕ್ಕೂ ನಿನ್ನ ಗರ್ಡರು ಚೆನ್ನಾಗಿಯೇ ಉತ್ತರ ಕೊಟ್ಟಿದೆ. ಮೂರನೆಯದು, ಮುರಿಯದಿದ್ದರೂ ಎಷ್ಟು ಜೋಲುತ್ತೀಯಾ ಎಂಬುದು. ಹದಿನಾರು ಅಡಿಗೆ ಅರ್ಧ ಅಂಗುಲ, ಹೆಚ್ಚೆಂದರೆ ಅದಕ್ಕಿಂತ ಒಂದು ಕೂದಲೆಳೆ. ಅಷ್ಟರೊಳಗಿದ್ದರೆ ಯಾವ ಭಯವೂ ಇಲ್ಲ.

ಸಪ್ಪಳದ್ದು ದೊಡ್ಡ ಮಾತಲ್ಲ. ಹಗಲಿನ ಕಾವಿಗೆ ಕಬ್ಬಿಣ ಹಿಗ್ಗುತ್ತದೆ, ಸಂಜೆ ಕುಗ್ಗುತ್ತದೆ. ಆದರೂ ಎರಡು ಕೆಲಸ ಮಾಡು. ಗರ್ಡರಿನ ಮಗ್ಗುಲಿಗೆ, ಕೆಳಗಿನ ಅಂಚಿಗೆ ಸರಿಯಾಗಿ, ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಬಿಗಿದು ಕಟ್ಟು. ನಡುವಿನಲ್ಲಿ ಅಂಚು ದಾರಕ್ಕಿಂತ ಎಷ್ಟು ಕೆಳಗಿಳಿದಿದೆಯೋ ಅಷ್ಟುದ್ದ ಕಸಬರಿಗೆ ಕಡ್ಡಿ ಕತ್ತರಿಸಿ ಲಕೋಟೆಯಲ್ಲಿಟ್ಟು ಕಳಿಸು. ಎರಡನೆಯದು, ಮಾಳಿಗೆಯ ಮೇಲೆ ಏನಾದರೂ ಹೇರಿದ್ದೀರಾ ಎಂದು ತಿಳಿಸು.

ನನಗೆ ಬರಲಾಗುವುದಿಲ್ಲ. ಕಚೇರಿಯಲ್ಲಿ ರಜೆ ಕೊಡುವುದಿಲ್ಲ.

ಅಣವೀರಪ್ಪ


ಕಮಲಾಪುರ
ಯುಗಾದಿ ಮರುದಿನ, ೧೧ ಏಪ್ರಿಲ್ ೧೯೨೯

ತಮ್ಮನಿಗೆ ಅಕ್ಕನ ಆಶೀರ್ವಾದ.

ಕಸ್ತೂರಿ ಬಂದಿದ್ದಾಳೆ. ಹೊಟ್ಟೆ ಮುಂದೆ, ಅವಳು ಹಿಂದೆ. ಬೇವು ಬೆಲ್ಲ ತಿನ್ನುವಾಗ ಬೇವನ್ನೆಲ್ಲ ಆರಿಸಿ ನನ್ನ ತಟ್ಟೆಗೆ ಹಾಕಿದಳು. "ಮಾಮಾ ಯಾಕ ಬರೂದಿಲ್ಲ ಅವ್ವ? ನಮ್ಮ ಮ್ಯಾಲ ಸಿಟ್ಟೇನು?" ಎಂದು ಕೇಳಿದಳು. ಕಚೇರಿ ಬಿಡುವುದಿಲ್ಲವಂತೆ ಎಂದೆ. ನಂಬಲಿಲ್ಲ. ನಾನೂ ನಂಬಿಲ್ಲ, ಹೇಳಿಬಿಡುತ್ತೇನೆ. ನಿನ್ನ ಭಾವ ತೀರಿದಾಗ ಯಾರಾದರೂ ಏನಾದರೂ ಅಂದಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ನೀನು ಹೇಳಿದಂತೆ ದಾರ ಕಟ್ಟಿದೆ. ಏಣಿ ಹತ್ತಿದ್ದು ನಾನೇ. ಕಡ್ಡಿ ಲಕೋಟೆಯಲ್ಲಿದೆ.

ಮಾಳಿಗೆಯ ಮೇಲೆ ಏನೂ ಇಲ್ಲ. ಕಟ್ಟಿಗೆ ಇಲ್ಲ, ಜೋಳದ ಕಣಿಕೆ ಇಲ್ಲ, ತೊಗರಿಯ ಚೀಲ ಇಲ್ಲ. ಹಪ್ಪಳ ಒಣಗಿಸಲು ಕೂಡ ಯಾರನ್ನೂ ಹತ್ತಗೊಡುವುದಿಲ್ಲ. ದೇವರ ಜಗಲಿಯ ಹಾಗೆ ಇಟ್ಟಿದ್ದೇನೆ.

ಸಪ್ಪಳ ಇದ್ದೇ ಇದೆ. ಕಬ್ಬಿಣ ಕುಗ್ಗುತ್ತದೆ ಎಂದು ನೀನು ಬರೆದದ್ದನ್ನು ಓದಿದೆ. ಇರಲಿ. ನೀನು ಓದಿದವನು.

ನೀಲಗಂಗಮ್ಮ


ಕಲಬುರ್ಗಿ
೧೮ ಏಪ್ರಿಲ್ ೧೯೨೯

ಅಕ್ಕ,

ಕಡ್ಡಿಯನ್ನು ಅಳತೆಪಟ್ಟಿಯ ಮೇಲಿಟ್ಟೆ. ಒಮ್ಮೆ ಅಲ್ಲ, ನಾಲ್ಕು ಸಲ. ಅರ್ಧ ಅಂಗುಲದ ಮೇಲೆ ಒಂದಿಷ್ಟೇ. ನಾನು ಎಂಟು ವರ್ಷದ ಹಿಂದೆ ಕಾಗದದ ಮೇಲೆ ಬರೆದದ್ದಕ್ಕೂ ನಿನ್ನ ಮನೆಯಲ್ಲಿ ಗರ್ಡರು ಜೋತದ್ದಕ್ಕೂ ಕೂದಲೆಳೆಯ ಅಂತರ. ಅಷ್ಟು ತಪ್ಪು ನಿನ್ನ ಕತ್ತರಿಯದ್ದೇ ಇರಬೇಕು.

ನಿನಗೆ ಒಂದು ಸುಳ್ಳು ಹೇಳಿದ್ದೆ. ಕಚೇರಿಯಲ್ಲಿ ರಜೆ ಬೇಕಾದಷ್ಟಿದೆ. ಗರ್ಡರಿನ ಕೆಳಗೆ ಕಾಲಿಡಲು ನನಗೆ ಆಗುತ್ತಿರಲಿಲ್ಲ. ಕಚೇರಿಯಲ್ಲಿಯೂ ಮೂರು ವರ್ಷದಿಂದ ಮೇಜನ್ನು ಹೊರಗೆ ಬೇವಿನ ಮರದ ಕೆಳಗೆ ಹಾಕಿಕೊಂಡು ಕುಳಿತಿದ್ದೇನೆ. ಬೆಳಕು ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಇಲ್ಲಿ ಒಬ್ಬ ಸಾಹುಕಾರನ ಅರಳೆ ಗೋದಾಮಿನ ಮಾಳಿಗೆ ಬಿತ್ತು. ಅದರ ನಕಾಶೆ ನನ್ನದು. ಕೆಳಗೆ ಮಕ್ಸೂದ್ ಎಂಬ ಹಮಾಲ ಇದ್ದ. ಇಲ್ಲಿಯ ರೋಜಾ ಓಣಿಯ ಕಡೆಯವನು, ನನ್ನ ವಯಸ್ಸಿನವನು. ಪಂಚನಾಮೆಗೆ ಮೊದಲೇ ಮಣ್ಣುಕಲ್ಲು ಎಲ್ಲ ಬಂಡಿಯಲ್ಲಿ ಹೇರಿ ಚೆಲ್ಲಿಬಿಟ್ಟಿದ್ದರು. ಯಾರದೂ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ನಾನು ಮಾತ್ರ ಆ ಲೆಕ್ಕವನ್ನು ಎಷ್ಟು ಸಲ ಮಾಡಿದ್ದೇನೋ! ಬಾಗು, ಕತ್ತರಿ, ಜೋಲು. ಮೂರೂ ಸರಿ ಬರುತ್ತವೆ. ಸರಿ ಬಂದ ಕೂಡಲೇ ಮಕ್ಸೂದ್ ಬಂದು ಮೇಜಿನ ಮುಂದೆ ನಿಲ್ಲುತ್ತಾನೆ. ಹಾಡುಹಗಲಿನಲ್ಲಿ, ಅಕ್ಕ. ತಲೆಗೆ ಸುತ್ತಿದ ಟವೆಲಿನ ಮೇಲೆ ಸುಣ್ಣದ ಹುಡಿ ಇರುತ್ತದೆ.

ಅದಕ್ಕೇ ನಿನ್ನ ಕಡ್ಡಿಗಾಗಿ ಜೀವ ಹಿಡಿದು ಕಾಯುತ್ತಿದ್ದೆ. ನನ್ನ ಲೆಕ್ಕದ ರೀತಿಯೇ ತಪ್ಪಾಗಿದ್ದರೆ ಕಮಲಾಪುರದಲ್ಲಿಯೂ ತಪ್ಪಾಗಿರಬೇಕು. ಅಲ್ಲಿ ಸರಿ ಇದ್ದರೆ ಗೋದಾಮಿನಲ್ಲಿಯೂ ನಾನು ತಪ್ಪಿರಲಿಲ್ಲ. ಆ ಕಡ್ಡಿ ನನ್ನ ಕಿಸೆಯಲ್ಲಿಯೇ ಇದೆ. ತೊಟ್ಟಿಲು ಕಟ್ಟು. ನಿಶ್ಚಿಂತೆಯಿಂದ ಕಟ್ಟು.

ಅಣವೀರ


ಕಮಲಾಪುರ
೯ ಮೇ ೧೯೨೯

ತಮ್ಮನಿಗೆ,

ಸೋಮವಾರ ಬೆಳಿಗ್ಗೆ ಕಸ್ತೂರಿ ಹೆತ್ತಳು. ಗಂಡು. ತಾಯಿ ಮಗು ಚೆನ್ನಾಗಿದ್ದಾರೆ. ಹದಿಮೂರನೆಯ ದಿನಕ್ಕೆ ತೊಟ್ಟಿಲಿಗೆ ಹಾಕುತ್ತೇವೆ.

ನೀನು ಬರೆದದ್ದನ್ನು ಓದಿದೆ. ಉತ್ತರ ಬರೆಯಲು ಕುಳಿತು ಎರಡು ಕಾಗದ ಹರಿದೆ. ಬಾಣಂತಿ ಮನೆ, ಕೈ ಬಿಡುವಿಲ್ಲ.

ನೀಲಗಂಗಮ್ಮ


ಕಲಬುರ್ಗಿ
೧೫ ಮೇ ೧೯೨೯

ಅಕ್ಕ,

ಕೂಸು ಹುಟ್ಟಿದ ಸುದ್ದಿಗೆ ಕಚೇರಿಗೆಲ್ಲ ಪೇಢೆ ಹಂಚಿದೆ. ನಿನ್ನ ಕಾಗದ ಮಾತ್ರ ಮೊಟಕು. ಹೆರಿಗೆಯ ಮನೆಗೆ ಸತ್ತವನ ಮಾತು ಬರೆದು ಕಳಿಸಿದೆನೆಂದು ನಿನಗೆ ಬೇಸರವಾಗಿರಬೇಕು. ನಾನು ಬುದ್ಧಿಗೇಡಿ, ಕ್ಷಮಿಸು.

ಒಂದು ಸಂತೋಷದ ಮಾತು. ಮೊನ್ನೆ ಮೇಜನ್ನು ಒಳಗೆ ಹಾಕಿಸಿದೆ. ತಲೆಯ ಮೇಲೆ ಐದು ಗರ್ಡರು. ಇಡೀ ದಿನ ಕುಳಿತೆ, ಮಕ್ಸೂದ್ ಬರಲಿಲ್ಲ. "ಏನ್ರಿ ಅಣವೀರಪ್ಪನವರ, ಹೊರಗ ಬೆಳಕು ಕಡಿಮಿ ಆತೇನ್ರಿ?" ಎಂದು ಪಕ್ಕದ ಮೇಜಿನ ಜಹೀರುದ್ದೀನ್ ಸಾಹೇಬರು ಕಿಚಾಯಿಸಿದರು. ನಾನೂ ನಕ್ಕೆ.

ಮಳೆ ಹತ್ತಿರ ಬಂತು. ತೊಟ್ಟಿಲ ಮೇಲೆ ಹನಿ ಬೀಳಬಾರದು. ಮಾಳಿಗೆಗೆ ಈ ವರ್ಷದ ಮಣ್ಣು ಹಾಕಿಸುವುದನ್ನು ಮರೆಯಬೇಡ.

ಅಣವೀರ


ಕಮಲಾಪುರ
೨೧ ಮೇ ೧೯೨೯

ಅಣವೀರ,

ಇದನ್ನು ಸಲಾವುದ್ದೀನ್ ಮಿಸ್ತ್ರಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನನ್ನು ನಿಲ್ಲಿಸಿಕೊಂಡೇ ಓದು.

ಇಂದು ಬೆಳಿಗ್ಗೆ ಅವನು ಕತ್ತೆಗಳ ಮೇಲೆ ಕರಲು ಮಣ್ಣು ತಂದ. ಹತ್ತು ಬುಟ್ಟಿ ಮೇಲೆ ಹೋಗಿತ್ತು. ಕೂಸು ತೊಟ್ಟಿಲಲ್ಲಿತ್ತು. ನಾನು ತೂಗಲು ಬಾಗಿದರೆ ಅದರ ಕುಂಚಿಗೆಯ ಮೇಲೆ ಬೆಳ್ಳಗೆ ಹುಡಿ. ಕೈಯಿಂದ ಒರೆಸಿದೆ, ಸುಣ್ಣ. ಮೇಲೆ ನೋಡಿದರೆ ಎರಡು ಪರಸಿಗಳ ನಡುವಿನ ಸಂದಿ ಬಾಯಿ ಬಿಟ್ಟಿತ್ತು. ನಿನ್ನ ಮಕ್ಸೂದನ ಟವೆಲು ಕಣ್ಣ ಮುಂದೆ ಬಂತು. ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ.

ನಾನು ನಿನಗೆ ಕಳಿಸಿದ್ದು ಅರ್ಧ ಕಡ್ಡಿ.

ಸರಿಯಾದ ಅಳತೆಗೇ ಕತ್ತರಿಸಿದ್ದೆ. ಅರ್ಧ ಅಂಗುಲ ದಾಟಿದರೆ ಭಯ ಎಂದು ನೀನು ಬರೆದಿದ್ದೆ. ಕಡ್ಡಿ ನನ್ನ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟಿತ್ತು. ನೋಡಿದರೆ ನೀನು ಮಾಳಿಗೆ ಬಿಚ್ಚಿಸುತ್ತೀ. ಬಿಚ್ಚಬಾರದಿತ್ತು. ಎರಡು ತುಂಡು ಮಾಡಿ ಒಂದನ್ನು ಒಲೆಗೆ ಹಾಕಿದೆ. ಆಮೇಲೆ ನಿನ್ನ ಕಾಗದ ಬಂತು. ಆ ಕಡ್ಡಿಯಿಂದ ನಿನಗೆ ನೆಮ್ಮದಿ ಬಂದಿದೆ ಎಂದು ಓದಿ ನಾನು ಎಂಥ ಪಾಪಿ ಎನಿಸಿತು. ನಿನ್ನ ನೆಮ್ಮದಿ ಕಸಿಯಲು ಧೈರ್ಯ ಬರಲಿಲ್ಲ. ಬಿಡಲೂ ಧೈರ್ಯ ಇಲ್ಲ. ತಿಂಗಳಾಯಿತು ಸರಿಯಾಗಿ ಉಂಡಿಲ್ಲ.

ಈಗ ಮಣ್ಣಿನ ಮಾತು ಹೇಳುತ್ತೇನೆ. ನಿನ್ನ ಭಾವ ಇರುವಾಗ ಪ್ರತಿ ಬೇಸಿಗೆ ಹಳೆಯ ಮಣ್ಣು ಕೆರೆಸಿ ಹೊಸದು ಹಾಕಿಸುತ್ತಿದ್ದರು. ಕಡೆಯ ವರ್ಷ ಮಣ್ಣು ಇನ್ನೂ ಹಸಿ ಇತ್ತು. ಹದ ನೋಡುತ್ತೇನೆಂದು ಹತ್ತಿದರು. ಮೇಲಿಂದಲೇ "ಏ ಇವಳಽ, ಒಂದ್ ತಂಬಗಿ ನೀರು ಕೊಡು" ಎಂದರು. ನೀರು ಒಯ್ಯುವಷ್ಟರಲ್ಲಿ ಕುಳಿತಲ್ಲಿಯೇ ಹೋಗಿದ್ದರು. ಇದು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಮಣ್ಣು ಆರಿದ ಮೇಲೆ ಹತ್ತಿ ನೋಡಿದರೆ, ಅವರನ್ನು ಇಳಿಸಿದವರ ತುಳಿತದ ಪಕ್ಕದಲ್ಲಿ, ಏಣಿಯ ಕಡೆಯಿಂದ ನಡುವಿನ ತನಕ ಅವರ ಹೆಜ್ಜೆ ಬೇರೆಯಾಗಿ ಮೂಡಿದ್ದವು. ಹನ್ನೊಂದು. ಹೋದ ಹೆಜ್ಜೆಗಳು, ತಿರುಗಿ ಬಂದ ಹೆಜ್ಜೆ ಇಲ್ಲ.

ಮಳೆಗೆ ಅವು ಹೋಗುತ್ತವೆಂದು ಒಣ ಬೂದಿ ಹರಡಿ ಮೇಲೆ ತೆಳ್ಳಗೆ ಮಣ್ಣು ಹಾಕಿಸಿದೆ. ಮರುವರ್ಷ ಕೆರೆಯಲು ಬಂದವರನ್ನು ಬೈದು ಕಳಿಸಿದೆ. ಅಲ್ಲಿಂದ ಹಾಗೆಯೇ ನಾಲ್ಕು ಸಲ ಮೇಲಿಂದ ಮೇಲೆ ಹಾಕಿಸಿದ್ದೇನೆ. ಮಾಳಿಗೆಯ ಮೇಲೆ ಏನಿದೆ ಎಂದು ನೀನು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ಮಣ್ಣು ಅಂದರೆ ಮಾಳಿಗೆಯೇ ಅಲ್ಲವೇನೋ? ಮಾಳಿಗೆಯ ಮೇಲೆ ಮಾಳಿಗೆ ಇದೆ ಎಂದು ಯಾರು ಹೇಳುತ್ತಾರೆ?

ಸಂಜೆ ಸಪ್ಪಳ ಕೇಳಿದಾಗ ನನಗೆ ಅಂಜಿಕೆ ಆಗುತ್ತಿರಲಿಲ್ಲ, ಆನಂದ ಆಗುತ್ತಿತ್ತು. ಎಣಿಸುತ್ತಿದ್ದೆ. ಒಮ್ಮೊಮ್ಮೆ ಹನ್ನೊಂದು ದಾಟಿ ಹನ್ನೆರಡನೆಯದು ಕೇಳಿದಂತಾಗುತ್ತಿತ್ತು. ಅವರು ತಿರುಗಿದರು ಎಂದುಕೊಳ್ಳುತ್ತಿದ್ದೆ.

ನಾನು ಏನು ಮಾಡಲಿ, ಹೇಳು.

ಅಕ್ಕ


ಕಲಬುರ್ಗಿ
೨೨ ಮೇ ೧೯೨೯, ಬೆಳಿಗ್ಗೆ

ಅಕ್ಕ, ಸಲಾವುದ್ದೀನನ ಕೈಯಲ್ಲಿಯೇ ಕಳಿಸುತ್ತೇನೆ. ಬಾಣಂತಿ, ಕೂಸು, ನೀನು ಮೂವರೂ ದನದ ಕೊಟ್ಟಿಗೆಗೆ ಹೋಗಿ ಇರಿ. ಪಡಸಾಲೆಗೆ ಯಾರೂ ಕಾಲಿಡಬಾರದು. ಮಾಳಿಗೆಗೂ ಯಾರೂ ಹತ್ತಬಾರದು, ಕೆರೆಯಲು ಕೂಡ. ಮೊದಲು ಗರ್ಡರಿನ ನಡುವಿಗೆ ಮರದ ಆನಿಕೆ ಕೊಡಬೇಕು. ಅದನ್ನು ಕೆಳಗೆ ನಿಂತೇ ಕೊಡಬೇಕು. ಕೂಲಿಯವರಿಗೆ ಹೇಳಬೇಡ. ನಾನು ಬರುತ್ತೇನೆ, ನಾನೇ ಕೊಡುತ್ತೇನೆ.

ಅಣವೀರ


ಕಮಲಾಪುರ
೮ ಜೂನ್ ೧೯೨೯

ತಮ್ಮನಿಗೆ ಅಕ್ಕನ ಆಶೀರ್ವಾದ.

ನೀನು ಬಂದ ದಿನ ಪಡಸಾಲೆಯ ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತದ್ದನ್ನು ಕೊಟ್ಟಿಗೆಯಿಂದ ನೋಡುತ್ತಿದ್ದೆ. ನಿನ್ನ ಅಂಗಿಯ ಬೆನ್ನು ಪೂರಾ ತೋಯ್ದಿತ್ತು. ಬಾ ಹೊರಗೆ ಎಂದು ಕೂಗಬೇಕೆನಿಸಿತು. ಕಸ್ತೂರಿ ನನ್ನ ಬಾಯಿ ಮುಚ್ಚಿದಳು. ಆಮೇಲೆ ನೀನು ಆನಿಕೆಯನ್ನು ಹೆಗಲಿಗಿಟ್ಟುಕೊಂಡು ಒಳಗೆ ಹೋದೆ. ನೀನು ಹೊರಗೆ ಬರುವ ತನಕ ನಾನು ಯಾವ ದೇವರನ್ನೂ ನೆನೆಯಲಿಲ್ಲ, ಸುಮ್ಮನೆ ಬಾಗಿಲು ನೋಡುತ್ತಿದ್ದೆ.

ನಾಲ್ಕು ವರ್ಷದ ಮಣ್ಣು ಕೆರೆಸಿ, ಬೂದಿಯ ಪದರ ಕಂಡ ಕೂಡಲೇ ನೀನು ಸಲಿಕೆ ನಿಲ್ಲಿಸಿದೆ. "ಇದು ಇರ್ಲಿ ಅಕ್ಕ. ನಾಲ್ಕು ಅಂಗಲ ನನ್ನ ಲೆಕ್ಕದಾಗಽ ಐತಿ" ಅಂದೆ. ನನ್ನ ಮುಖ ನೋಡಿ ಅಂದದ್ದು, ಗೊತ್ತಾಯಿತು. ಬೂದಿಯನ್ನು ನೀನೇ ಕೈಯಿಂದ ಸರಿಸಿದೆ. ಹನ್ನೊಂದೂ ಇದ್ದವು. ಹಿಮ್ಮಡಿಯ ಬಿರುಕು ಕೂಡ.

ನೀನು ಹೋದ ಮೇಲೆ ನಾನು ಎರಡು ದಿನ ಅಲ್ಲಿ ಹೋಗಿ ಕುಳಿತೆ. ಮೂರನೆಯ ದಿನ ಮಹಾಗಾಂವದ ಕಡೆ ಮೋಡ ಕಟ್ಟಿತು. ಬೂದಿ ತರಲು ಎದ್ದೆ. ಏಣಿಯ ಮೇಲೆ ಕಾಲಿಟ್ಟಾಗ ಕೂಸು ಅತ್ತಿತು. ಆಗ ನನಗೆ ನನ್ನದೇ ಗುಣ ತಿಳಿಯಿತು, ತಮ್ಮಾ. ಆ ಹೆಜ್ಜೆ ಇರುವ ತನಕ ನಾನು ಮುಚ್ಚುತ್ತಲೇ ಇರುತ್ತೇನೆ. ಈ ವರ್ಷ ಬೂದಿ, ಬರುವ ವರ್ಷ ನಾಲ್ಕು ಅಂಗುಲ, ಅದರ ಮುಂದೆ ಮತ್ತೆ ನಾಲ್ಕು. ನೀನು ಎಷ್ಟು ಲೆಕ್ಕ ಮಾಡಿಕೊಟ್ಟರೂ ನಾನು ಅದನ್ನು ಕೆಡಿಸುತ್ತೇನೆ.

ಸಲಿಕೆ ತೆಗೆದುಕೊಂಡು ನಾನೇ ಒಡೆದೆ. ಸಲಾವುದ್ದೀನ್ "ನಾ ಮಾಡ್ತೇನ್ರಿ ಅವ್ವಾರ" ಎಂದು ಬಂದ, ಬೇಡವೆಂದೆ. ಹೆಂಟೆಗಳನ್ನು ಅಂಗಳಕ್ಕಿಳಿಸಿ ನೀರು ಹಾಕಿ ನೆನೆಸಿ ತುಳಿದೆ. ಮೇಲಕ್ಕೆ ಹೋದದ್ದು ಅದೇ ಮಣ್ಣು, ನಾಲ್ಕೇ ಅಂಗುಲ. ತುಳಿಯುವಾಗ ಅತ್ತೆ. ಕಸ್ತೂರಿಯೂ ಅತ್ತಳು. ಬರುವ ವರ್ಷದಿಂದ ಹಳೆಯದನ್ನು ಕೆರೆಸಿಯೇ ಹಾಕಿಸುತ್ತೇನೆ.

ಮರುದಿನ ಮಳೆ ಬಂತು, ಸೋರಲಿಲ್ಲ. ದಾರ ಮತ್ತೆ ಕಟ್ಟಿ ನೋಡಿದೆ. ಗರ್ಡರು ಮೇಲೆದ್ದಿದೆ. ಈ ಸಲದ ಕಡ್ಡಿ ಪೂರ್ತಿಯದು. ನಿನ್ನ ಮೇಲೆ ಆಣೆ. ಸಂಜೆ ಸಪ್ಪಳ ಇಲ್ಲ. ದೀಪ ಹಚ್ಚಿ ಕಾದೆ. ಏನೂ ಇಲ್ಲ. ಇಷ್ಟು ದಿನ ವಿಧವೆಯೆಂದು ಕರೆಸಿಕೊಳ್ಳುತ್ತಿದ್ದೆ, ಈಗ ಆಗಿದ್ದೇನೆ.

ಕೂಸು ತೊಟ್ಟಿಲಲ್ಲಿ ಮಲಗಿದೆ.

ನೀಲಗಂಗಮ್ಮ


ಕಲಬುರ್ಗಿ
೧೯ ಜೂನ್ ೧೯೨೯

ಅಕ್ಕನಿಗೆ ಶರಣು.

ಕಡ್ಡಿ ಬಂತು. ಅಳೆದೆ. ಅರ್ಧ ಅಂಗುಲ ದಾಟಿದ್ದರೂ ಗರ್ಡರು ತಿರುಗಿ ಏಳುವ ಮಿತಿ ದಾಟಿರಲಿಲ್ಲ. ದಾಟಿದ್ದರೆ ಹೊರೆ ಇಳಿಸಿದರೂ ಏಳುತ್ತಿರಲಿಲ್ಲ. ಇನ್ನೊಂದು ವರ್ಷದ ಮಣ್ಣು ಬಿದ್ದಿದ್ದರೆ ದಾಟುತ್ತಿತ್ತು. ಇನ್ನು ಹೆದರಬೇಡ.

ನಿನ್ನ ಮಾಳಿಗೆಯ ಮೇಲೆ ಮೊಣಕಾಲೆತ್ತರದ ಮಣ್ಣು ಕಂಡಾಗಲೇ ನನಗೆ ಗೋದಾಮು ನೆನಪಾಗಿತ್ತು. ಅಲ್ಲಿ ಬುನಾದಿ ಹಾಕುವ ಮೊದಲು ಸಾಹುಕಾರನ ಮುನೀಮನನ್ನು ಇದೇ ಮಾತು ಕೇಳಿದ್ದೆ. ಮಾಳಿಗೆಯ ಮೇಲೆ ಏನಾದರೂ ಹೇರುತ್ತೀರಾ ಎಂದು. "ಏನೂ ಇಲ್ರಿ" ಅಂದಿದ್ದ. ಬರೆದುಕೊಂಡು ಬಂದಿದ್ದೆ. ಮಣ್ಣಿನ ಮಾಳಿಗೆಯ ಕೆಳಗೇ ಹುಟ್ಟಿ ಬೆಳೆದವನು ನಾನು, ಅಕ್ಕ. ಮಣ್ಣನ್ನು ಒಂದೇ ಸಲ ಎಣಿಸಿ ಮುಗಿಸಿದೆ.

ಹೋದ ವಾರ ರೋಜಾಕ್ಕೆ ಹೋಗಿ ಮಕ್ಸೂದನ ಹೆಂಡತಿ ದಿಲ್ಶಾದ್ ಬೇಗಂ ಅವರ ಮನೆ ಹುಡುಕಿದೆ. ಬಾಗಿಲಲ್ಲಿ ಕುಳಿತು ಟೋಪಿ ಹೊಲಿಯುತ್ತಿದ್ದರು. ಗೋದಾಮಿನ ನಕಾಶೆ ಬರೆದವನು ನಾನೇ ಎಂದು ಮೊದಲು ಹೇಳಿದೆ. ಸೂಜಿ ನಿಲ್ಲಿಸಲಿಲ್ಲ. ಆಮೇಲೆ ಮಣ್ಣಿನ ಸಂಗತಿ ಕೇಳಿದೆ. ಬೇಸಿಗೆಯಲ್ಲಿ ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದರೇ, ಹಳೆಯದನ್ನು ಕೆರೆಸುತ್ತಿದ್ದರೇ ಎಂದು.

"ಅದ ನಮ್ಮವ್ರೇ ಹಾಕ್ತಿದ್ರಿ," ಅಂದರು. "ಐದು ಬ್ಯಾಸಿಗಿ ಹಾಕ್ಯಾರ. ಕೆರ್ಯಾಕ ಸಾಹುಕಾರ ಎಲ್ಲಿ ಹೇಳ್ತಾನ್ರಿ? ಹಾಕು ಅಂತಿದ್ದ, ಹಾಕ್ತಿದ್ರು. ಮನಿಗೆ ಬಂದು, ಬಹುತ್ ವಜನ್ ಆಗ್ಯಾದ, ಮಾಳಗಿ ಹೊಟ್ಟಿ ಬಿಟ್ಟದ ಅಂತಿದ್ರು."

ಅವರು ಸೂಜಿ ಇಟ್ಟು ಮೊದಲ ಸಲ ನನ್ನ ಮುಖ ನೋಡಿದರು. "ಅವ್ರಿಗೆ ಕೇಳಬೇಕಿತ್ರಿ ನೀವು. ಕೇಳಿದ್ರ ಹೇಳ್ತಿದ್ರು," ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಜು ಕಚೇರಿಯ ಒಳಗೇ ಇದೆ. ಹೊರಗೆ ಹಾಕುವುದಿಲ್ಲ. ಈಗ ಯಾವ ನಕಾಶೆ ಬಂದರೂ ಮೊದಲು ಹೋಗಿ ಮಣ್ಣು ಹೊರುವವನನ್ನು ಮಾತಾಡಿಸಿ ಬರುತ್ತೇನೆ; ಆಮೇಲೆ ಬಾಗು, ಆಮೇಲೆ ಕತ್ತರಿ, ಆಮೇಲೆ ಜೋಲು. ಸಾಹುಕಾರರು ನಗುತ್ತಾರೆ.

ಮಕ್ಸೂದ್ ಮತ್ತೆ ಬರುತ್ತಿದ್ದಾನೆ, ಅಕ್ಕ. ನಿನ್ನಿಂದ ಮುಚ್ಚಿಡುವುದಿಲ್ಲ. ಮೊದಲು ಬರಿಗೈಯಲ್ಲಿ ಬರುತ್ತಿದ್ದ. ಈಗ ಅವನ ತಲೆಯ ಮೇಲೆ ಮಣ್ಣಿನ ಬುಟ್ಟಿ ಇರುತ್ತದೆ. ಇಳಿಸಲು ಒಂದು ಕೈ ಹಚ್ಚು ಎನ್ನುವವನ ಹಾಗೆ ನಿಂತಿರುತ್ತಾನೆ. ನಾನು ಎದ್ದು ಕೈ ಚಾಚುತ್ತೇನೆ.

ಅಣವೀರಪ್ಪ